ಬಸ್ಸಿನಲ್ಲಿ ಕೂತು ಬಸ್ಸಿನಲ್ಲಿಲ್ಲದವರು

ಹೊಸದಾಗಿ ಲೈಸೆನ್ಸು ಸಿಕ್ಕ ಹುಡುಗರು ಈಗಲೂ ಒಮ್ಮೊಮ್ಮೆ ನನ್ನ ಕಟ್ಟೆಗೆ ಬಂದು ಕೂಡುತ್ತಾರೆ. ಅಜ್ಜಾ, ನೀ ಯಾವ ಯಾವ ಗಾಡಿ ಹೊಡೆದೆ, ಎಷ್ಟು ಜೋರು ಹೊಡೆದೆ, ಎಂದಾದರೂ ಪಲ್ಟಿ ಹಾಕಿದ್ದೆಯಾ, ಇವೇ ಪ್ರಶ್ನೆಗಳು. ಗಾಡಿ ಹೊಡೆಯುವಾಗ ಮನಸ್ಸನ್ನು ಎಲ್ಲಿಟ್ಟಿದ್ದೆ ಎಂದು ಒಬ್ಬನಾದರೂ ಕೇಳಿದ್ದರೆ ನಾನು ಈ ಬರೆಯುವ ಉಸಾಬರಿಗೆ ಬೀಳುತ್ತಿರಲಿಲ್ಲ. ಒಬ್ಬನೂ ಕೇಳಲಿಲ್ಲ. ನಾನು ಹೇಳುತ್ತಿರುವಾಗಲೇ ಅವರ ಕಣ್ಣು ರಸ್ತೆಯ ಕಡೆ ಹೋಗಿರುತ್ತದೆ, ನಮ್ಮ ಮನೆಯಾಕೆ ಕೊಟ್ಟ ಚಹಾ ಬಟ್ಟಲಲ್ಲೇ ಆರಿರುತ್ತದೆ. ನನಗೆ ಮೈಯೆಲ್ಲ ಉರಿಯುತ್ತದೆ. ಕೈಯಲ್ಲಿರುವ ಚಹಾ ಬಿಸಿಯಿದ್ದಾಗ ಕುಡಿಯಲಾಗದವನು ಐವತ್ತು ಜನರನ್ನು ಕೂಡಿಸಿಕೊಂಡು ಬಸ್ಸು ಹೊಡೆಯುತ್ತಾನಂತೆ!

ನನ್ನ ಹೆಸರು ಚನ್ನಬಸಪ್ಪ. ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವಿ, ಸವಣೂರು ಕಡೆಯ ಮಂದಿಗೆ ಡ್ರೈವರ್ ಚನ್ನಪ್ಪ. ನಾನು ಸ್ಟೇರಿಂಗು ಹಿಡಿದ ಕಾಲದಲ್ಲಿ ಸರಕಾರಿ ಬಸ್ಸು ಎಂಬುದೇ ಇರಲಿಲ್ಲ. ಸಾಹುಕಾರರ ಬಸ್ಸುಗಳು, ಸಾಹುಕಾರರದೇ ಕಾನೂನು. ನನ್ನ ಮೊದಲನೆಯ ಮಾಲಕರು ಹಾನಗಲ್ಲಿನವರು. ಒಳ್ಳೆಯವರೇ, ಹಬ್ಬಕ್ಕೆ ಧೋತರ ಕೊಡುತ್ತಿದ್ದರು. ಆದರೆ ಅವರಿಗೆ ತಮ್ಮ ಬಸ್ಸಿನ ಮೇಲೆ ಎಂದೂ ಗಮನವಿರಲಿಲ್ಲ. ಅವರ ಗಮನವೆಲ್ಲ ಎದುರಾಳಿಯ ಬಸ್ಸಿನ ಮೇಲೆ.

ಹಿರೇಕೆರೂರಿನಿಂದ ತಿಳವಳ್ಳಿ ಹಾಯ್ದು ಹಾನಗಲ್ಲಿಗೆ ಬರುವ ದಾರಿಯಲ್ಲಿ ಇಬ್ಬರು ಸಾಹುಕಾರರ ಬಸ್ಸುಗಳಿದ್ದವು. ಹೊರಡುವ ಹೊತ್ತು ಹೆಚ್ಚುಕಡಿಮೆ ಒಂದೇ. ಯಾವುದು ಮುಂದೆ ಹೋಗುತ್ತದೋ ಅದಕ್ಕೆ ಮಂದಿ. "ಅವ ಮುಂದ ಹೋಗಿ ತುಂಬ್ಕೊಂಡ್ರ ನೀ ಹಿಂದಿಂದ ನೊಣಾ ಹೊಡಕೋತ ಬರ್ತೀ ಏನು?" ಎಂದು ಮಾಲಕರು ದಿನಾ ಬೆಳಿಗ್ಗೆ ನನ್ನ ಕಿವಿಯಲ್ಲಿ ಊದಿ ಕಳಿಸುತ್ತಿದ್ದರು. ಒಂದು ಸಂತೆಯ ದಿನ ನಾವಿಬ್ಬರು ಡ್ರೈವರುಗಳು ಜಿದ್ದಿಗೆ ಬಿದ್ದೆವು. ಅವನು ನನ್ನನ್ನು ನೋಡುವುದು, ನಾನು ಅವನನ್ನು ನೋಡುವುದು. ಒಳಗಿನವರು "ಹೊಡಿ, ಹೊಡಿ" ಎಂದು ಹುರಿದುಂಬಿಸುವುದು. ತಿಳವಳ್ಳಿ ಬಂತು, ಹೋಯಿತು. ಹತ್ತುವವರೆಲ್ಲ ನಿಂತ ಜಾಗವನ್ನು ಎರಡೂ ಬಸ್ಸುಗಳು ದಾಟಿ ಫರ್ಲಾಂಗು ಮುಂದೆ ಹೋಗಿ ನಿಂತವು! ಗಂಟು ಹೊತ್ತುಕೊಂಡು, ಕೋಳಿ ಹಿಡಿದುಕೊಂಡು ಓಡಿ ಬಂದ ಒಬ್ಬ ಮುದುಕಿ ಏದುಸಿರು ಬಿಡುತ್ತ ಕೇಳಿದಳು: "ನಾವು ಅಲ್ಲೆ ನಿಂತಿದ್ವಿ. ನೀವು ಯಾರನ್ನ ಹತ್ತಿಸ್ಕೊಳ್ಳಾಕ ಇಲ್ಲಿಗೆ ಬಂದ್ರೋ ಮೂಳಗೋಳ?"

ಮಾಲಕರಿಗೆ ಈ ಸುದ್ದಿ ಮುಟ್ಟಿದಾಗ ಅವರು ಕೇಳಿದ್ದು ಏನು ಗೊತ್ತೇ? "ಮುಂದ ಯಾರು ಇದ್ರಿ?" ಅಷ್ಟೇ. ಆ ತಿಂಗಳೇ ನಾನು ಆ ಕೆಲಸ ಬಿಟ್ಟು ಶಿಗ್ಗಾಂವಿಗೆ ಬಂದೆ.

ಶಿಗ್ಗಾಂವಿಯಿಂದ ಸವಣೂರು, ಸವಣೂರಿನಿಂದ ಯಲವಿಗಿ ರೈಲು ಸ್ಟೇಷನ್ನು, ಇದು ನನ್ನ ಹೊಸ ಲೈನು. ಅದೇ ಹೊತ್ತಿಗೆ ಯುದ್ಧ ಬಂತು, ಪೆಟ್ರೋಲು ರೇಶನ್ನಾಯಿತು. ಬಸ್ಸಿನ ಬೆನ್ನಿಗೆ ಆಳೆತ್ತರದ ಒಂದು ಕಬ್ಬಿಣದ ಒಲೆ ಕಟ್ಟಿದರು. ಅದಕ್ಕೆ ಪ್ಲಾಂಟು ಎನ್ನುತ್ತಿದ್ದೆವು. ಮೇಲಿನಿಂದ ಇದ್ದಲಿ ತುಂಬಬೇಕು, ಕೆಳಗೆ ಬೆಂಕಿ ಹಾಕಬೇಕು, ಪಕ್ಕದ ಪಂಖಾದ ಹಿಡಿಕೆ ತಿರುವಿ ಗಾಳಿ ಊದಬೇಕು. ಸಣ್ಣ ನಳಿಗೆಯ ಬಾಯಿಗೆ ಕಡ್ಡಿ ಗೀರಿ ಹಿಡಿದರೆ ಉರಿ ಆರದೆ ನಿಲ್ಲಬೇಕು. ನಿಂತರೆ ಗ್ಯಾಸು ಆಗಿದೆ ಎಂದರ್ಥ, ಆಗ ಮಾತ್ರ ಇಂಜಿನ್ನು ಹೊರಡುತ್ತಿತ್ತು. ನಿಲ್ಲದಿದ್ದರೆ ನೀವು ಕಲೆಕ್ಟರ್ ಸಾಹೇಬರೇ ಆಗಿರಿ, ಕಾಯಬೇಕು.

ಈ ಬೆಂಕಿಯ ಜವಾಬ್ದಾರಿ ಕ್ಲೀನರ್ ಹುಸೇನಸಾಬನದು. ನನಗಿಂತ ವಯಸ್ಸಿನಲ್ಲಿ ಹಿರಿಯ, ಬಾಯಿ ಮಾತ್ರ ಬಲು ಚುರುಕು. ಪೆಟ್ರೋಲಿನ ಬಸ್ಸಿಗೆ ಒಗ್ಗಿದ್ದ ನಾನು ಮೊದಮೊದಲು ಹಾರಾಡುತ್ತಿದ್ದೆ, "ಏ, ಎಷ್ಟೊತ್ತು?" ಎಂದು. ಅವನು ತಲೆ ಎತ್ತದೆ ಹೇಳುತ್ತಿದ್ದ: "ಗಾಡಿ ಏನೋ ಹೇಳಾಕತ್ತೈತಿ ಚನ್ನಪ್ಪಣ್ಣ. ನೀವು ಒದರಾಕತ್ರ ಅದು ಹೇಳಿದ್ದು ಕೇಳೂದಿಲ್ಲ."

ಅವನು ಹೇಳಿದ್ದು ಖರೆ. ಇದ್ದಲಿ ಬಸ್ಸಿನಲ್ಲಿ ಮನಸ್ಸು ಒಂದು ಮಾರು ಮುಂದೆ ಹೋದರೂ ಕೆಲಸ ಕೆಡುತ್ತಿತ್ತು. ಗ್ಯಾಸು ಕಡಿಮೆಯಾಗುವ ಮೊದಲು ಇಂಜಿನ್ನಿನ ಸದ್ದು ಸ್ವಲ್ಪ ಮೆತ್ತಗಾಗುತ್ತದೆ. ಆ ಸದ್ದು ಕೇಳಿಸಿಕೊಂಡವನು ಏರು ಹತ್ತಿಸುತ್ತಾನೆ, ಕೇಳಿಸಿಕೊಳ್ಳದವನು ಮಂದಿಯನ್ನು ಇಳಿಸಿ ನೂಕಿಸುತ್ತಾನೆ. ನಾನು ಕೇಳಿಸಿಕೊಳ್ಳಲು ಕಲಿತೆ. ಸವಣೂರು ದಾಟಿದ ಮೇಲಿನ ಏರಿನಲ್ಲಿ, ಎರಡೂ ಕೈಗೆ ಸ್ಟೇರಿಂಗಿನ ನಡುಕ ತಾಕುತ್ತ, ಅಂಗಾಲಿಗೆ ಇಂಜಿನ್ನಿನ ಶಾಖ ಹತ್ತುತ್ತ, ಎಡಕ್ಕೆ ಕುಸುಬೆಯ ಹೂವು ಬಿಟ್ಟ ಹೊಲ, ಮುಂದೆ ಯಾವನೋ ಚಕ್ಕಡಿ ಹೊಡೆಯುವವನ ಬೆನ್ನು. ಗೇರು ಇಳಿಸಿದೊಡನೆ ಬಸ್ಸು ತಡವರಿಸದೆ ಮೇಲಕ್ಕೆ ಏರಿತೆಂದರೆ, ನಿಜ ಹೇಳುತ್ತೇನೆ, ಸುಖ ಅಂದರೆ ಇದೇ ಅನ್ನಿಸುತ್ತಿತ್ತು. ಪಗಾರ ಹೆಚ್ಚಾದಾಗಲೂ ನನಗೆ ಅಷ್ಟು ಸುಖವಾಗಿರಲಿಲ್ಲ. ಸಿಟ್ಟಿನ ಮನುಷ್ಯ ನಾನು, ಊರಿಗೆಲ್ಲ ಗೊತ್ತು. ಆದರೆ ಆ ಏರಿನಲ್ಲಿ ನನಗೆ ಯಾರ ಮೇಲೂ ಸಿಟ್ಟಿರುತ್ತಿರಲಿಲ್ಲ.

ಹಿಂದೆ ಕೂತವರದು ಬೇರೆಯೇ ಪರಿ. ಅವರು ಬಸ್ಸಿನಲ್ಲಿ ಕೂತಿರುತ್ತಿದ್ದರೇ ಹೊರತು ಅಲ್ಲಿ ಇರುತ್ತಿರಲಿಲ್ಲ. ಒಬ್ಬನು ಆಗಲೇ ಹುಬ್ಬಳ್ಳಿಯ ಪೇಟೆಯಲ್ಲಿ, ಇನ್ನೊಬ್ಬನು ನಿನ್ನೆಯ ಪಂಚಾಯಿತಿಕಟ್ಟೆಯಲ್ಲಿ. ಖಾಲಿ ಬಸ್ಸು ಹೊಡೆದ ಹಾಗೆ ಆಗುತ್ತಿತ್ತು ನನಗೆ.

ಎಲ್ಲರಿಗಿಂತ ನನ್ನ ಸಿಟ್ಟು ನೆತ್ತಿಗೇರಿಸಿದವರು ಒಬ್ಬ ಪ್ರವಚನಕಾರರು. ಶಿಗ್ಗಾಂವಿಯಲ್ಲಿ ಹಲವು ದಿನ ಪ್ರವಚನ ಹೇಳಿದರು. ನಾನೂ ಹೋಗಿ ಕೂತಿದ್ದೆ. ಕಳೆದದ್ದನ್ನು ಬಿಡಿರಿ, ಬರುವುದನ್ನು ಬಿಡಿರಿ, ಈ ಗಳಿಗೆಯಲ್ಲಿ ಇರಿ, ಆನಂದ ಇರುವುದು ಇಲ್ಲಿಯೇ ಎಂದು ಅವರು ಹೇಳಿದಾಗ ನನ್ನ ಎದೆ ತುಂಬಿ ಬಂತು. ನನ್ನ ಏರಿನ ಸುಖಕ್ಕೆ ದೊಡ್ಡವರೊಬ್ಬರು ಸಾಕ್ಷಿ ಹೇಳಿದ ಹಾಗಾಯಿತು. ಪ್ರವಚನ ಮುಗಿಸಿದ ಮಾರನೆಯ ದಿನ ಅವರು ನನ್ನ ಬಸ್ಸಿಗೇ ಬಂದರು. ಹುಸೇನಸಾಬ ಪಂಖಾ ತಿರುವುತ್ತಿದ್ದ, ಉರಿ ಇನ್ನೂ ನಿಂತಿರಲಿಲ್ಲ. ಶುರುವಾಯಿತು ನೋಡಿ ಅವರ ಕೂಗಾಟ. "ಏನಪಾ ಇದು? ಯಲವಿಗ್ಯಾಗ ರೈಲು ತಪ್ಪಿದ್ರ ಹುಬ್ಬಳ್ಳಿ ಪ್ರವಚನಕ್ಕ ಯಾರು ಹೋಗಬೇಕು? ಮಂದಿ ಕಾಯಾಕತ್ತಿರ್ತಾರ ಅಲ್ಲಿ!"

ಹುಸೇನಸಾಬ ಹಿಡಿಕೆ ಬಿಡದೆ ಕೇಳಿದ: "ಅಜ್ಜಾರ, ಆನಂದ ಇಲ್ಲೇ ಐತಿ ಅಂತ ನಿನ್ನೆ ಹೇಳಿದ್ರೆಲ್ರಿ. ಮತ್ತ ಹುಬ್ಬಳ್ಳಿಗೆ ಯಾಕ ಹೊಂಟೀರಿ?"

ಬಸ್ಸಿಗೆ ಬಸ್ಸೇ ನಕ್ಕಿತು. ಅವರು ನಗಲಿಲ್ಲ. ಹುಬ್ಬಳ್ಳಿಗೆ ಹೋಗಿ ಮಾಲಕರಿಗೆ ಹೇಳಿ ಕಳಿಸಿದರು, ಮಾಲಕರು ಹುಸೇನಸಾಬನನ್ನು ಕರೆಸಿ ಉಗಿದರು. ನಾನು ನಡುವೆ ಬಾಯಿ ಹಾಕಿದ್ದಕ್ಕೆ ನನಗೂ ಬಿತ್ತು. ಪ್ರವಚನಕಾರರು ಹೇಳಿದ ಮಾತು ಸುಳ್ಳಲ್ಲ, ಬಂಗಾರದಂಥ ಮಾತು. ಹೇಳಿದ ಮನುಷ್ಯ ಒಂದೇ ಒಂದು ಬಸ್ಸಿನ ಹಾದಿಯಷ್ಟಾದರೂ ಅದನ್ನು ಮಾಡಿ ನೋಡಬಾರದೇ? ಇವತ್ತಿಗೂ ನೆನೆಸಿಕೊಂಡರೆ ಹಲ್ಲು ಕಡಿಯುತ್ತೇನೆ.

ಈಗ ಗಂಗವ್ವನ ಸಂಗತಿಗೆ ಬರುತ್ತೇನೆ. ಈ ಹುಡುಗರಿಗೆ ನಾನು ಹೇಳಬೇಕೆಂದಿರುವುದೇ ಅದನ್ನು.

ತಡಸದ ಗೌಡರೊಬ್ಬರಿದ್ದರು, ವೀರನಗೌಡರು. ಹೊಲಮನೆ, ಆಳುಕಾಳು, ಮಾತಿನಲ್ಲಿ ದರ್ಪ. ಅವರ ಮಗ ಬಸನಗೌಡ ಅಪ್ಪನ ಕೂಡ ಜಗಳಾಡಿ ದಂಡಿಗೆ ಸೇರಿ ಹೋಗಿದ್ದ. ಮದುವೆಯ ಸೀರೆಯ ಗಂಜಿ ಇಳಿಯುವ ಮೊದಲೇ ಹೋದವನು ರಜೆಗೆಂದು ಒಮ್ಮೆಯೂ ಬಂದಿರಲಿಲ್ಲ. ಆಮೇಲೆ ಒಂದು ದಿನ ಅವನಿಂದ ಸುದ್ದಿ ಬಂತು. ತನ್ನನ್ನು ಪುಣೆಯ ಕಡೆಯಿಂದ ಬೆಂಗಳೂರಿನ ಕಡೆಗೆ, ಅಲ್ಲಿಂದ ಮುಂದೆ ಎಲ್ಲಿಗೋ ಕಳಿಸುತ್ತಿದ್ದಾರೆ, ಇಂಥ ದಿನ ಮಧ್ಯಾಹ್ನ ಯಲವಿಗಿಯಲ್ಲಿ ರೈಲು ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ ಎಂದು.

ಆ ದಿನ ಗೌಡರು ಸೊಸೆಯನ್ನು, ಬಸನಗೌಡನ ಹೆಂಡತಿ ಗಂಗವ್ವನನ್ನು, ಕರೆದುಕೊಂಡು ಶಿಗ್ಗಾಂವಿಯಲ್ಲಿ ನನ್ನ ಬಸ್ಸು ಹತ್ತಿದರು. ಗೌಡರು ನನ್ನ ಪಕ್ಕದ ಸೀಟಿನಲ್ಲಿ. ಹಿಂದೆ ಹೆಂಗಸರ ಕಡೆ ಗಂಗವ್ವ, ತೊಡೆಯ ಮೇಲೆ ಬುತ್ತಿಯ ಗಂಟು. ಹತ್ತುವಾಗ ಮಾವನಿಗೆ ಕೇಳದ ಹಾಗೆ ನನ್ನನ್ನು ಕೇಳಿದಳು: "ಅಣ್ಣಾರ, ಗಾಡಿ ಸಿಗತೈತಿಲ್ರಿ? ನನಗ ಮಾತು ಗೀತು ಏನೂ ಬ್ಯಾಡ್ರಿ. ಒಮ್ಮೆ ಕಣ್ತುಂಬ ನೋಡಿದ್ರ ಸಾಕು."

"ಸಿಗತೈತಿ ತಂಗಿ, ಕುಂದ್ರು" ಎಂದೆ.

ಗೌಡರ ಬಾಯಿ ಶಿಗ್ಗಾಂವಿಯಿಂದ ಸವಣೂರಿನ ತನಕ ಮುಚ್ಚಲಿಲ್ಲ. "ಚನ್ನಪ್ಪ, ಅಪ್ಪನ ಮಾತು ಮೀರಿ ಯಾಕ ಹ್ವಾದಿ ಅಂತ ಮೊದಲ ಕೇಳ್ತೇನಿ. ಆಮ್ಯಾಲ ಕೆರಿ ಹೊಲದ ವಾಟ್ನಿ, ಪಾಲಿನ ಮಾತು. ಅಣ್ಣನ ಹೆಸರಿಗೆ ಮಾಡ್ಲೇನು, ವಾಪಸ್ ಬರ್ತೀ ಏನು, ಅಂತ ಖಡಾಖಂಡಿ ಕೇಳಾವ."

"ಗೌಡ್ರ, ನನಗ ಇಂಜಿನ್ ಸಪ್ಪಳ ಕೇಳವಲ್ದು. ಸ್ವಲ್ಪ ಸುಮ್ನಿರ್ರಿ" ಎಂದೆ. ಅವರಿಗೆ ನನ್ನ ಮಾತೂ ಕೇಳಲಿಲ್ಲ.

ಸವಣೂರಿನಲ್ಲಿ ವೀಳ್ಯದೆಲೆ ಏರಿಸುವುದಿತ್ತು. ಸವಣೂರಿನ ಎಲೆ ಯಲವಿಗಿಯಿಂದ ರೈಲು ಹತ್ತಿ ದೂರದೂರಿಗೆ ಹೋಗುತ್ತಿತ್ತು. ಎಲೆ ಬಾಡಬಾರದೆಂದು ಬುಟ್ಟಿಗೆ ಗೋಣಿತಟ್ಟು ಸುತ್ತಿ, ಧಾರಾಳ ನೀರು ಚಿಮುಕಿಸಿ ತರುತ್ತಿದ್ದರು, ಬುಟ್ಟಿ ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಅದಕ್ಕೇ ನಮ್ಮಲ್ಲಿ ಒಂದು ಕಟ್ಟುನಿಟ್ಟು. ಬಸ್ಸಿನ ನೆತ್ತಿಯ ಮೇಲೆ ಮುಂದುಗಡೆ ಎಲೆ ಬುಟ್ಟಿ, ಹಿಂದುಗಡೆ ಇದ್ದಲಿ ಚೀಲ, ನಡುವೆ ತಾಡಪತ್ರಿ. ಆ ದಿನ ಹುಸೇನಸಾಬ ಪ್ಲಾಂಟಿನ ಬೂದಿ ಕೆರೆಯುತ್ತಿದ್ದ, ನಾನು ಸವಣೂರು ಸಂಸ್ಥಾನದ ಸುಂಕದ ನಾಕಾದಲ್ಲಿ ನಿಂತಿದ್ದೆ. ಗೌಡರು ಕೆಳಗಿಳಿದು ಹಮಾಲರ ಮೇಲೆ ಹರಿಹಾಯ್ದರು: "ಏನ್ ಜ್ವಾಕಿ ಮಾಡ್ತೀರೋ? ಎಲ್ಲೆರ ಒಗದು ಇಳೀರಿ, ಹೊತ್ತಾತು!" ಗೌಡರ ದನಿ ಅದು. ಹಮಾಲರು ಹೆದರಿ, ತೊಟ್ಟಿಕ್ಕುವ ಬುಟ್ಟಿಗಳನ್ನು ತಂದು ಇದ್ದಲಿ ಚೀಲಗಳ ಮೇಲೇ ಒಗೆದು ಇಳಿದರು.

ಸವಣೂರಿನಿಂದ ಅರ್ಧ ಹಾದಿ ಬಂದಾಗ ಹುಸೇನಸಾಬ ಒಂದು ಚೀಲ ಪ್ಲಾಂಟಿಗೆ ಸುರಿದ. ಸ್ವಲ್ಪ ಹೊತ್ತಿಗೆ ಇಂಜಿನ್ನು ಮೆತ್ತಗಾಯಿತು, ಕೆಮ್ಮಿತು, ಬಯಲಿನ ನಡುವೆ ನಿಂತೇ ಬಿಟ್ಟಿತು. ಹಿಂದೆ ಹೋಗಿ ನೋಡಿದರೆ ಪ್ಲಾಂಟಿನ ಬಾಯಿಂದ ಬಿಳಿ ಹಬೆ. ಇದ್ದಲಿ ಹಸಿಯೆಂದರೆ ಹಸಿ! ಸವಣೂರಿನಲ್ಲಿ ಗೌಡರು ಹಮಾಲರನ್ನು ಗದರಿಸಿದ್ದನ್ನು ಮಂದಿಯಲ್ಲೊಬ್ಬ ಆಗ ಹೇಳಿದ.

"ಸತ್ತಿತೇನೋ ನಿನ್ನ ಬಸ್ಸು?" ಎಂದು ಗೌಡರು ಕೂಗಿದರು.

"ಬುಟ್ಟಿ ಎಲ್ಲೆರ ಒಗೀರಿ ಅಂದಾವ್ರು ಯಾರ್ರಿ ಗೌಡ್ರ?" ಎಂದು ನಾನೂ ಕೂಗಿದೆ. ಅವರು ಮುಖ ತಿರುಗಿಸಿದರು. ಉಳಿದ ಮಂದಿ ಇಳಿದು ರಸ್ತೆಯ ತುಂಬ ನಿಂತು, ಗಾಡಿ ತಪ್ಪಿತು, ಕೆಲಸ ಕೆಟ್ಟಿತು, ಇನ್ನು ನಾಳೆಯೇ ಎಂದು ಹಣೆ ಬಡಿದುಕೊಳ್ಳತೊಡಗಿದರು. ಒಬ್ಬನೂ ಕೈ ಹಾಕಲಿಲ್ಲ. ನಾನು ಹಸಿ ಇದ್ದಲಿ ಹೊರಗೆಳೆದು, ಚೀಲದ ತಳದಿಂದ ಒಣಗಿದ ತುಂಡು ಆರಿಸತೊಡಗಿದೆ. ಹುಸೇನಸಾಬ ಬೆಂಕಿ ಹಾಕಿ ಪಂಖಾ ತಿರುವಿದ, ತಿರುವಿದ, ತೋಳು ಸೋತು ಹೋಯಿತು.

ಆಗ ಗಂಗವ್ವ ಇಳಿದು ಬಂದಳು. ಗಂಟನ್ನು ಕಲ್ಲಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸರೀರಿ ಕಾಕಾ, ನಾ ತಿರುವ್ತೇನಿ" ಎಂದು ಹಿಡಿಕೆ ಹಿಡಿದಳು.

ಗೌಡರಿಗೆ ಕೆಂಡ ತುಳಿದಂತಾಯಿತು. "ಏ! ಗೌಡ್ರ ಮನಿ ಸೊಸಿ ಹಾದ್ಯಾಗ ನಿಂತು ಬಸ್ಸಿನ ಪಂಖಾ ತಿರುವೂದ?"

ಅವಳು ತಿರುಗಿ ನೋಡಲಿಲ್ಲ. "ಒಲಿ ಹೊತ್ತಬೇಕಲ್ರಿ ಮಾವಾರ" ಎಂದಳು. ಅಷ್ಟೇ.

ನೋಡಿ, ಅಲ್ಲಿದ್ದ ಅಷ್ಟೂ ಜನರ ಜೀವ ಯಲವಿಗಿಯಲ್ಲಿತ್ತು. ಎಲ್ಲರಿಗಿಂತ ಹೆಚ್ಚು ಯಲವಿಗಿ ಬೇಕಾಗಿದ್ದದ್ದು ಈ ಹುಡುಗಿಗೆ. ಆದರೆ ಅವಳೊಬ್ಬಳ ಜೀವ ಮಾತ್ರ ಅಲ್ಲಿ, ಆ ಬೆಂಕಿಯ ಬಾಯಿಯ ಮುಂದೆ ಇತ್ತು. ಒಂದೇ ಹದದಲ್ಲಿ ತಿರುವಿದಳು. ಕೆಂಡದ ಕೆಂಪು ಏರಿದಂತೆ ಅವಳ ಮುಖದ ಗಾಬರಿ ಇಳಿಯಿತು. ಹುಸೇನಸಾಬ ನಳಿಗೆಗೆ ಕಡ್ಡಿ ಹಿಡಿದ, ಉರಿ ನಿಂತಿತು. "ನಿಂತ್ತು, ನಿಂತ್ತು!" ಎಂದು ಅವಳು ಸಣ್ಣ ಹುಡುಗಿಯ ಹಾಗೆ ನಕ್ಕಳು. ನನಗೂ ನಗು ಬಂತು. ಹೊತ್ತು ಮೀರಿತ್ತು, ಗಾಡಿ ಸಿಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಆದರೂ ಆ ಗಳಿಗೆ ನಾವು ಮೂವರೂ ಸುಖವಾಗಿದ್ದೆವು, ಸುಳ್ಳು ಹೇಳಲಾರೆ.

ಯಲವಿಗಿ ಮುಟ್ಟಿದಾಗ ಗಾಡಿ ಇನ್ನೂ ನಿಂತಿತ್ತು. ಎದುರಿನಿಂದ ಬರುವ ಗಾಡಿ ತಡವಾಗಿದ್ದರಿಂದ ಇದನ್ನು ಬಿಟ್ಟಿರಲಿಲ್ಲ. ಗೌಡರು ಓಡಿದರು, ಹಿಂದೆ ಗಂಗವ್ವ, ಅವಳ ಗಂಟು ಹಿಡಿದು ನಾನು. ದಂಡಿನವರ ಡಬ್ಬಿಯ ಮುಂದೆ ಬಸನಗೌಡ ನಿಂತಿದ್ದ. ಅಪ್ಪನ ಕಾಲು ಮುಟ್ಟಿದ. ಅವನು ಏಳುವ ಮೊದಲೇ ಗೌಡರು ಶುರು ಹಚ್ಚಿದರು.

"ಅಪ್ಪನ ಮಾತು ಮೀರಿ ಹೋದೆಲ್ಲ, ಏನ್ ಗಳಿಸಿದಿ? ಕೆರಿ ಹೊಲದ್ದು ಏನಂತಿ? ನಿಮ್ಮಣ್ಣ ನಾಳೆ ಜಗಳಾ ತಗದ್ರ ಯಾರು ಉತ್ತರಾ ಕೊಡಾವ್ರು? ಮುಂದಿನ ವರ್ಷ ಬಿತ್ತಾಕ ಯಾರದಾರ?"

ಹೋದ ವರ್ಷ, ಮುಂದಿನ ವರ್ಷ, ಅಣ್ಣ, ಹೊಲ. ಮಗ ತಲೆ ತಗ್ಗಿಸಿ "ಹೂಂ, ಹೂಂ" ಎನ್ನುತ್ತಿದ್ದ. ಗಂಗವ್ವ ಗೌಡರ ಬೆನ್ನ ಹಿಂದೆ ಸೆರಗು ಮುಂದಕ್ಕೆಳೆದುಕೊಂಡು ನೆಲ ನೋಡುತ್ತ ನಿಂತಿದ್ದಳು. ಮಾವನ ಕಣ್ಣೆದುರು ಸೊಸೆ ಗಂಡನ ಮುಖ ನೋಡುವ, ಮಾತಾಡುವ ರೂಢಿ ಅವರ ಮನೆಯಲ್ಲಿರಲಿಲ್ಲ. ಅಷ್ಟರಲ್ಲಿ ದೂರದಿಂದ ಎದುರಿನ ಗಾಡಿಯ ಸೀಟಿ ಕೇಳಿಸಿತು. ಗೌಡರು ಬಾಯಿ ನಿಲ್ಲಿಸಲಿಲ್ಲ.

ನನ್ನ ನೆತ್ತಿಗೆ ರಕ್ತ ಏರಿತು. ನಾನು ಡ್ರೈವರು, ಅವರು ಗೌಡರು, ಅವರ ಮನೆಯ ಮಾತು. ಎಲ್ಲ ಗೊತ್ತಿತ್ತು. ಆದರೂ ಮುಂದೆ ಹೋಗಿ ಅವರ ರಟ್ಟೆ ಹಿಡಿದೆ.

"ಗೌಡ್ರ! ನೀವು ಮಾತಾಡಾಕತ್ತಿದ್ದು ಹೋದ ವರ್ಷ ಮನಿ ಬಿಟ್ಟು ಹೋದ ಮಗನ ಕೂಡ. ಈಗ ಇಲ್ಲಿ ನಿಂತಾನಲ್ಲ, ಇವನ್ನ ಒಮ್ಮೆರ ನೋಡೀರೇನ್ರಿ? ಗಾಡಿ ಬಿಡತೈತಿ, ಅವನ ಮಾರಿ ನೋಡ್ರಿ ಮೊದಲ!"

ಗೌಡರು ಕೈ ಎತ್ತಿದರು. ಹೊಡೆದೇ ಬಿಡುತ್ತಾರೆ ಎಂದುಕೊಂಡೆ. ಎತ್ತಿದ ಕೈ ಹಾಗೆಯೇ ನಿಂತಿತು. ಅವರು ಮಗನ ಕಡೆ ತಿರುಗಿದರು. ನೋಡಿದರು. ತಲೆಯಿಂದ ಬೂಟಿನ ತನಕ ನೋಡಿದರು. "ಭಾಳ ಸೊರಗೀಯಲ್ಲೋ ತಮ್ಮಾ" ಎಂದರು, ಆ ದನಿ ಗೌಡರದು ಅನ್ನಿಸಲಿಲ್ಲ. ಆಮೇಲೆ ಗಿರ್ರನೆ ತಿರುಗಿ, ಸ್ಟೇಷನ್ನಿನ ಗೋಡೆಗೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ನಿಂತುಬಿಟ್ಟರು. "ಚನ್ನಪ್ಪ, ನೀನೂ ಈ ಕಡೆ ತಿರುಗೋ" ಎಂದರು.

ನಾನೂ ಗೋಡೆಗೆ ಮುಖ ಮಾಡಿದೆ. ಕಿವಿ ಮಾತ್ರ ಮುಚ್ಚಲಾಗುವುದಿಲ್ಲವಲ್ಲ.

ಮೊದಲು ಬಳೆಯ ಸದ್ದು ಕೇಳಿಸಿತು, ಸೆರಗು ಸರಿಸಿದಳೇನೋ. ನೋಡುತ್ತಿದ್ದಳು ಅಂತ ಕಾಣುತ್ತದೆ. ಆಮೇಲೆ ಅವನ ದನಿ: "ಏನಿದು ಗಂಗಾ, ಕೈಯೆಲ್ಲ ಕರ್ರಗ?"

"ಬಸ್ಸು ನಡಸ್ಕೊಂಡ ಬಂದೇನ್ರಿ."

ಅವನು ನಕ್ಕ. ದೊಡ್ಡದಾಗಿ ನಕ್ಕ. ಅವಳೂ ನಕ್ಕಳು. ಗೌಡರ ಭುಜ ಅಲುಗುತ್ತಿತ್ತು, ಅವರು ನಗುತ್ತಿದ್ದರೋ ಅಳುತ್ತಿದ್ದರೋ ನಾನು ನೋಡಲಿಲ್ಲ. ಎದುರಿನ ಗಾಡಿ ಬಂತು. ಇವನ ಗಾಡಿ ಹೊರಟಿತು.

ಕಟ್ಟೆಗೆ ಬರುವ ಹುಡುಗರಿಗೆ ಇಲ್ಲಿಯವರೆಗೆ ಹೇಳಿದರೆ ಎಲ್ಲರೂ ಒಂದೇ ಮಾತು ಕೇಳುತ್ತಾರೆ: "ಮುಂದೇನಾತು ಅಜ್ಜಾ? ಅವ ವಾಪಸ್ ಬಂದ್ನೇನು?" ಮತ್ತೆ ಸಿಟ್ಟು ಬರುತ್ತದೆ ನನಗೆ. ಅಲ್ಲಿ ಗಂಡಹೆಂಡತಿ ನಗುತ್ತಿದ್ದಾರೆ ಕಣ್ರೋ, ಅವರನ್ನು ಪ್ಲಾಟ್‌ಫಾರ್ಮಿನಲ್ಲೇ ಬಿಟ್ಟು ನೀವು ಆಗಲೇ ಮುಂದಿನ ಸ್ಟೇಷನ್ನಿಗೆ ಹೊರಟಿರಲ್ಲ! ಕೇಳಿದಿರಿ, ಹೇಳುತ್ತೇನೆ. ಅವನು ಬರಲಿಲ್ಲ.

ಯುದ್ಧ ಮುಗಿದು ಪೆಟ್ರೋಲು ಸಿಗತೊಡಗಿದ ಮೇಲೆ ಪ್ಲಾಂಟು ಬಿಚ್ಚಿ ಗುಜರಿಗೆ ಹಾಕಿದೆವು. ಆಮೇಲೊಂದು ದಿನ ವೀರನಗೌಡರು ನನ್ನ ಬಸ್ಸು ಹತ್ತಿದರು. ನನ್ನ ಪಕ್ಕದಲ್ಲೇ ಕೂತರು. ಶಿಗ್ಗಾಂವಿಯಿಂದ ಸವಣೂರಿನ ತನಕ ಬಾಯಿ ಬಿಡಲಿಲ್ಲ. ಸವಣೂರು ದಾಟಿ ಏರು ಹತ್ತುವಾಗ, ಮುಂದಿನ ರಸ್ತೆ ನೋಡುತ್ತಲೇ ಹೇಳಿದರು:

"ಚನ್ನಪ್ಪ, ಅವ ಹೊಸದಾಗಿ ಮೀಸಿ ಬಿಟ್ಟಿದ್ದ. ಇನ್ನೂ ಸರಿಯಾಗಿ ಬಂದಿರಲಿಲ್ಲ. ಅವತ್ತ ನೀ ಬೈದಿರಲಿಲ್ಲ ಅಂದ್ರ, ನನಗ ಅದು ಕಾಣತಿರಲಿಲ್ಲ."